ಐದು ಮಕ್ಕಳು, ಐದು ಕ್ಲೆಬ್ಸಿಯೆಲ್ಲಾ: ಒಂದೇ ಮೂಲವೇ ಎಂದು ಜೀನೋಮ್ ನೋಡಿ ಹೇಳುವುದು ಹೇಗೆ

ನವಜಾತ ಶಿಶುಗಳ ಐಸಿಯುನಲ್ಲಿ ಹತ್ತು ದಿನದೊಳಗೆ ಐದು ಮಕ್ಕಳ ಬ್ಲಡ್ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾ ಬೆಳೆಯಿತು ಅಂತಿಟ್ಟುಕೊಳ್ಳಿ. ಐದಕ್ಕೂ ಕಾರ್ಬಪೆನೆಮ್ ಗುಂಪಿನ ಆಂಟಿಬಯೋಟಿಕ್ ಮೆರೊಪೆನೆಮ್ ನಾಟುವುದಿಲ್ಲ. ಯಾವ ಔಷಧ ನಾಟುತ್ತದೆ ಎಂದು ಹೇಳುವ ಸೆನ್ಸಿಟಿವಿಟಿ ವರದಿಗಳು ಹೆಚ್ಚುಕಡಿಮೆ ಒಂದೇ ಥರ ಇವೆ. ವಾರ್ಡಿನವರು ಲ್ಯಾಬಿಗೆ ಕೇಳುವುದು ಒಂದೇ ಪ್ರಶ್ನೆ: ಇದು ಒಂದು ಮಗುವಿನಿಂದ ಇನ್ನೊಂದಕ್ಕೆ ದಾಟಿದ್ದಾ, ಇಲ್ಲ ಐದೂ ಬೇರೆ ಬೇರೆ ಕಡೆಯಿಂದ ಬಂದವಾ? ದಾಟಿದ್ದೇ ಆದರೆ ಸಿಂಕು, ಸಕ್ಷನ್ ಬಾಟಲಿ, ವೆಂಟಿಲೇಟರ್ ಟ್ಯೂಬು, ಕೈತೊಳೆಯುವ ರೂಢಿ ಎಲ್ಲವನ್ನೂ ಜಾಲಾಡಬೇಕು. ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದನ್ನೇ ಕೆಲದಿನ ನಿಲ್ಲಿಸಬೇಕಾಗಬಹುದು. ಬೇರೆ ಬೇರೆಯಾದರೆ ಹುಡುಕಾಟ ಹೆರಿಗೆ ಕೋಣೆಯತ್ತ, ಬೇರೆ ಆಸ್ಪತ್ರೆಯಿಂದ ಬಂದ ಮಕ್ಕಳತ್ತ ತಿರುಗುತ್ತದೆ.

ಸೆನ್ಸಿಟಿವಿಟಿ ವರದಿಯಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ನಮ್ಮ ದೇಶದಲ್ಲಿ ಎನ್‌ಡಿಎಂ, ಆಕ್ಸಾ-232 ಮುಂತಾದ, ಕಾರ್ಬಪೆನೆಮ್ ಔಷಧಗಳನ್ನು ಒಡೆಯುವ ಕಾರ್ಬಪೆನೆಮೇಸ್ ಜೀನ್‌ಗಳು ಎಸ್‌ಟಿ231, ಎಸ್‌ಟಿ147, ಎಸ್‌ಟಿ14 (ಎಸ್‌ಟಿ ಎಂದರೆ ಸೀಕ್ವೆನ್ಸ್ ಟೈಪ್, ಕೆಲವು ನಿಗದಿತ ಜೀನ್ ನೋಡಿ ಕೊಡುವ ತಳಿ ಸಂಖ್ಯೆ) ಹೀಗೆ ದೂರದ ನಂಟೂ ಇಲ್ಲದ ತಳಿಗಳಲ್ಲಿ ಕೂತಿವೆ. ಔಷಧ ಪಟ್ಟಿಯಲ್ಲಿ ಎಲ್ಲವೂ ಒಂದೇ ಮುಖ ತೋರಿಸುತ್ತವೆ. ಅದರ ತದ್ವಿರುದ್ಧವೂ ಉಂಟು: ಒಂದೇ ತಳಿ ಹರಡುತ್ತಿರುವಾಗ ನಡುವೆ ಪ್ರತಿರೋಧದ ಜೀನ್ ಹೊತ್ತ ಒಂದು ಪ್ಲಾಸ್ಮಿಡ್ (ಕ್ರೋಮೋಸೋಮ್‌ನಿಂದ ಬೇರೆಯಾಗಿರುವ ಡಿಎನ್‌ಎ ಉಂಗುರ) ಉದುರಿಹೋದರೆ ವರದಿ ಬದಲಾಗಿ, ಅದು ಬೇರೆಯದೇ ಎಂದು ಪಕ್ಕಕ್ಕಿಟ್ಟುಬಿಡುತ್ತೇವೆ.

ಪೂರ್ಣ ಜೀನೋಮ್ ಸೀಕ್ವೆನ್ಸಿಂಗ್ ಇಲ್ಲಿ ಏನು ಮಾಡಬಲ್ಲದು ಎನ್ನುವುದಕ್ಕೆ ಅಮೆರಿಕದ ಬೆಥೆಸ್ಡಾದಲ್ಲಿರುವ ಎನ್‌ಐಎಚ್ ಕ್ಲಿನಿಕಲ್ ಸೆಂಟರ್‌ನ 2011ರ ಪ್ರಕರಣವನ್ನು ಈ ಕೆಲಸ ಮಾಡುವ ಪ್ರತಿಯೊಬ್ಬರೂ ಓದಬೇಕು. ಆ ಜೂನ್‌ನಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಇದ್ದ ರೋಗಿಯೊಬ್ಬರು ಬೇರೆ ಆಸ್ಪತ್ರೆಯಿಂದ ಅಲ್ಲಿಗೆ ಬಂದರು. ವಿಷಯ ಮೊದಲೇ ಗೊತ್ತಿತ್ತು, ಪ್ರತ್ಯೇಕವಾಗಿಯೇ ಇರಿಸಿದ್ದರು, ಜುಲೈನಲ್ಲಿ ಅವರು ಮನೆಗೆ ಹೋದರು. ಮೂರು ವಾರ ಕಳೆದ ಮೇಲೆ ಎರಡನೆಯ ರೋಗಿಯಲ್ಲಿ ಅದು ಕಾಣಿಸಿತು. ಕೊನೆಗೆ ಲೆಕ್ಕ 18ಕ್ಕೆ ಮುಟ್ಟಿತು. 11 ಮಂದಿ ತೀರಿಕೊಂಡರು, ಅದರಲ್ಲಿ 6 ಸಾವಿಗೆ ಈ ಸೋಂಕೇ ಕಾರಣ ಎಂದಾಯಿತು. ತಳಿ ಎಸ್‌ಟಿ258. ಅಮೆರಿಕದ ಆಸ್ಪತ್ರೆಗಳಲ್ಲಿ ಆಗ ಎಲ್ಲೆಡೆ ಅದೇ ಇದ್ದುದರಿಂದ ಡಿಎನ್‌ಎ ತುಂಡುಗಳ ಪಟ್ಟೆಗಳನ್ನು ಹೋಲಿಸುವ ಹಳೆಯ ಪಿಎಫ್‌ಜಿಇ ವಿಧಾನದಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಆಗುತ್ತಿರಲಿಲ್ಲ. ಜೀನೋಮ್ ಓದಿದಾಗ ಎಲ್ಲವೂ ಆ ಮೊದಲ ರೋಗಿಯಿಂದಲೇ ಹೊರಟದ್ದು, ಅದೂ ಮೂರು ಬೇರೆ ಬೇರೆ ಸಲ ದಾಟಿದ್ದು ಎಂದು ತಿಳಿಯಿತು. ಮೊದಲ ರೋಗಿಯ ದೇಹದ ಬೇರೆ ಬೇರೆ ಜಾಗಗಳಿಂದ ತೆಗೆದು ಬೆಳೆಸಿದ ಬ್ಯಾಕ್ಟೀರಿಯಾ ಮಾದರಿಗಳಲ್ಲೇ, ಅಂದರೆ ಐಸೊಲೇಟ್‌ಗಳಲ್ಲೇ, ಡಿಎನ್‌ಎಯ ಕೆಲವು ಅಕ್ಷರಗಳ ವ್ಯತ್ಯಾಸ ಇತ್ತು. ಆ ವ್ಯತ್ಯಾಸದ ಜಾಡು ಹಿಡಿದೇ ಮೂರು ದಾರಿಗಳು ಗೊತ್ತಾದವು. ಕಲ್ಚರ್ ಪಾಸಿಟಿವ್ ಆದ ಕ್ರಮ ಬೇರೆ, ಸೋಂಕು ದಾಟಿದ ಕ್ರಮ ಬೇರೆ ಎಂಬುದೂ ಅಲ್ಲಿ ಕಂಡಿತು. ಕೆಲವರು ರೋಗ ಕಾಣಿಸದೆಯೇ ವಾರಗಟ್ಟಲೆ ಹೊತ್ತು ತಿರುಗಿದ್ದರು. ತೊಳೆದು ಶುದ್ಧ ಎಂದುಕೊಂಡಿದ್ದ ಒಂದು ವೆಂಟಿಲೇಟರ್‌ನಲ್ಲೂ, ಸಿಂಕಿನ ಕೊಳವೆಗಳಲ್ಲೂ ಅದೇ ಸಿಕ್ಕಿತು.

ಮೊದಲ ರೋಗಿಯಿಂದ ಒಂದೇ ಒಂದು ಕಾಲನಿ (ಪ್ಲೇಟಿನ ಮೇಲೆ ಬೆಳೆದ ಬ್ಯಾಕ್ಟೀರಿಯಾದ ಒಂದು ಚುಕ್ಕೆ) ಮಾತ್ರ ಎತ್ತಿಟ್ಟುಕೊಂಡಿದ್ದರೆ ಈ ಕತೆ ಬಿಡಿಸಲು ಆಗುತ್ತಿರಲಿಲ್ಲ. ನಮ್ಮ ಆಸ್ಪತ್ರೆ ಲ್ಯಾಬುಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಅನುಮಾನ ಬಂದ ದಿನದಿಂದ ರಕ್ತದ್ದು ಮಾತ್ರವಲ್ಲ, ಅದೇ ವಾರ್ಡಿನ ಉಳಿದ ಮಕ್ಕಳ ರೆಕ್ಟಲ್ ಸ್ವಾಬ್, ಸಿಂಕಿನ ಸ್ವಾಬ್ ಎಲ್ಲದರಿಂದಲೂ ಎರಡು ಮೂರು ಕಾಲನಿ ಎತ್ತಿ ಶೇಕಡಾ 15ರಿಂದ 20 ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿ ಫ್ರೀಜರ್‌ಗೆ ಹಾಕಿ. ಸೀಕ್ವೆನ್ಸ್ ಮಾಡುವುದೋ ಬಿಡುವುದೋ ಆಮೇಲೆ ನೋಡೋಣ. ಬಿಸಾಡಿದ ಪ್ಲೇಟನ್ನು ಮತ್ತೆ ತರಲಾಗುವುದಿಲ್ಲ.

ಕೋವಿಡ್ ಕಾಲದಲ್ಲಿ ಬಂದ ಸೀಕ್ವೆನ್ಸರ್‌ಗಳು ರಾಜ್ಯದ ಹಲವು ಲ್ಯಾಬುಗಳಲ್ಲಿವೆ. 2020ರ ಡಿಸೆಂಬರ್‌ನಲ್ಲಿ ಕೊರೊನಾ ಜೀನೋಮ್ ಕಣ್ಗಾವಲಿನ ರಾಷ್ಟ್ರೀಯ ಲ್ಯಾಬ್ ಒಕ್ಕೂಟ ಇನ್ಸಾಕಾಗ್ ಶುರುವಾದಾಗಲೇ ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ನಿಮ್ಹಾನ್ಸ್ ಅದರಲ್ಲಿದ್ದವು. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಪ್ರಕಟವಾದದ್ದು ಕರ್ನಾಟಕದಿಂದಲೇ. ಯಂತ್ರ ಅದೇ ಆದರೂ ಬ್ಯಾಕ್ಟೀರಿಯಾದ ಕೆಲಸ ಬೇರೆ. ಕೊರೊನಾ ವೈರಸ್ಸಿನ ಜೀನೋಮ್ 29,903 ಅಕ್ಷರ. ಸ್ವಾಬಿನಿಂದ ನೇರವಾಗಿ ಆರ್‌ಎನ್‌ಎ ತೆಗೆದು, 400 ಅಕ್ಷರಗಳ ತುಂಡುಗಳಾಗಿ ಪಿಸಿಆರ್‌ನಲ್ಲಿ ಹಿಗ್ಗಿಸಿ ಓದುತ್ತಾರೆ. ಕ್ಲೆಬ್ಸಿಯೆಲ್ಲಾದ್ದು ಸುಮಾರು 55 ಲಕ್ಷ ಅಕ್ಷರ. ಅದನ್ನು ಮೊದಲು ಶುದ್ಧವಾಗಿ ಬೆಳೆಸಬೇಕು, ಮೇಲೆ ಪ್ಲಾಸ್ಮಿಡ್‌ಗಳ ಲೆಕ್ಕ ಬೇರೆ. ಬೆಂಗಳೂರಿನ ಕಿಮ್ಸ್‌ನ ಸೆಂಟ್ರಲ್ ರಿಸರ್ಚ್ ಲ್ಯಾಬು ಕೊಲಂಬಿಯಾ, ನೈಜೀರಿಯಾ, ಫಿಲಿಪ್ಪೀನ್ಸ್ ಲ್ಯಾಬುಗಳ ಜೊತೆ ಸೇರಿ ಔಷಧ ಪ್ರತಿರೋಧದ ಜೀನೋಮ್ ಕಣ್ಗಾವಲನ್ನು ವರ್ಷಗಳಿಂದ ನಡೆಸಿದೆ. ಆ ಗುಂಪಿನ ಪ್ರೊಟೊಕಾಲ್‌ಗಳು ಎಲ್ಲರಿಗೂ ತೆರೆದಿವೆ. ಹೊಸದಾಗಿ ಶುರು ಮಾಡುವವರು ಅಲ್ಲಿಂದ ಹೊರಡುವುದು ಒಳ್ಳೆಯದು.

ಕಾಲನಿಯಿಂದ ಡಿಎನ್‌ಎವರೆಗೆ

ಹಾಳಾದ ಸೀಕ್ವೆನ್ಸ್‌ಗಳಲ್ಲಿ ಹೆಚ್ಚಿನವು ಹಾಳಾಗುವುದು ಇಲ್ಲೇ. ಫ್ರೀಜರ್ ಸ್ಟಾಕ್‌ನಿಂದ ಮ್ಯಾಕಾಂಕಿ ಪ್ಲೇಟಿಗೆ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಗೆರೆಯಾಗಿ ಎಳೆದು, ಒಂದು ಒಂಟಿ ಕಾಲನಿ ಎತ್ತಿ ಮತ್ತೊಂದು ಪ್ಲೇಟಿಗೆ ಎಳೆಯಿರಿ. ಎರಡನೆಯ ಸಲ ಎಳೆಯುವುದನ್ನು ಸಮಯ ಉಳಿಸಲೆಂದು ಬಿಡುವವರು ಬಹಳ. ಲೋಳೆಲೋಳೆಯಾದ ಕ್ಲೆಬ್ಸಿಯೆಲ್ಲಾ ಕಾಲನಿಯ ಅಡಿಯಲ್ಲಿ ಇ. ಕೋಲೈ ಅಡಗಿರುವುದು ಮಾಮೂಲು. ಕಣ್ಣಿಗೆ ಕಾಣುವುದಿಲ್ಲ, ಸೀಕ್ವೆನ್ಸ್‌ನಲ್ಲಿ ಕಾಣುತ್ತದೆ, ಆದರೆ ಅಷ್ಟರಲ್ಲಿ ದುಡ್ಡು ಖರ್ಚಾಗಿರುತ್ತದೆ. ಹಾಗೆಂದು ಏಳೆಂಟು ಸಲ ಸಬ್‌ಕಲ್ಚರ್ ಮಾಡುತ್ತಲೂ ಹೋಗಬೇಡಿ. ಔಷಧವಿಲ್ಲದ ಪ್ಲೇಟಿನಲ್ಲಿ ಪ್ರತಿರೋಧದ ಪ್ಲಾಸ್ಮಿಡ್ ಕಳಚಿಹೋಗಬಹುದು. ಆಮೇಲೆ ಪ್ಲೇಟಿನಲ್ಲಿ ಮೆರೊಪೆನೆಮ್‌ಗೆ ಬಗ್ಗದ ಬ್ಯಾಕ್ಟೀರಿಯಾದ ಜೀನೋಮ್‌ನಲ್ಲಿ ಒಂದೂ ಕಾರ್ಬಪೆನೆಮೇಸ್ ಇಲ್ಲವೆಂದು ತಲೆಕೆಡಿಸಿಕೊಳ್ಳಬೇಕಾಗುತ್ತದೆ.

ಒಂಟಿ ಕಾಲನಿಯನ್ನು 5 ಎಂಎಲ್ ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) 37 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಿ, ಅದರಲ್ಲಿ 1 ಎಂಎಲ್‌ಗಿಂತ ಹೆಚ್ಚು ತೆಗೆದುಕೊಳ್ಳಬೇಡಿ. ಲೋಳೆ ತಳಿಯಾದರೆ ಅರ್ಧ ಎಂಎಲ್ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಡಿಎನ್‌ಎ ಸಿಗುತ್ತದೆ ಅನ್ನಿಸುತ್ತದೆ. ಆಗುವುದು ಅದರ ಉಲ್ಟಾ. ಬ್ಯಾಕ್ಟೀರಿಯಾದ ಹೊರಕವಚವಾದ ಕ್ಯಾಪ್ಸೂಲಿನ ಸಕ್ಕರೆ ಅಂಶ ಡಿಎನ್‌ಎ ಶುದ್ಧ ಮಾಡುವ ಕಾಲಮ್ಮಿನ ಪೊರೆಯನ್ನು ಕಟ್ಟಿಹಾಕಿ, ಡಿಎನ್‌ಎ ಜೊತೆ ತಾನೂ ಇಳಿದುಬರುತ್ತದೆ. ಆರ್‌ಎನ್‌ಎ ಒಡೆಯುವ ಆರ್‌ಎನ್‌ಏಸ್ ಕಿಣ್ವ ಹಾಕುವುದನ್ನು ಮರೆಯಬೇಡಿ. ಕೊನೆಯಲ್ಲಿ ಡಿಎನ್‌ಎ ಇಳಿಸಿಕೊಳ್ಳುವಾಗ ಟಿಇ ಬಫರ್ ಬೇಡ, 10 ಮಿಲಿಮೋಲಾರ್ ಟ್ರಿಸ್, ಪಿಎಚ್ 8.5 ಇರಲಿ. ಟಿಇಯಲ್ಲಿರುವ ಇಡಿಟಿಎ ಮೆಗ್ನೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಡಿಎನ್‌ಎ ಕತ್ತರಿಸುವ ಟ್ಯಾಗ್ಮೆಂಟೇಷನ್ ಕಿಣ್ವಕ್ಕೆ ಅದೇ ಮೆಗ್ನೀಸಿಯಂ ಬೇಕು.

ಅಳತೆ ನ್ಯಾನೋಡ್ರಾಪ್‌ನಲ್ಲೂ ಕ್ಯೂಬಿಟ್‌ನಲ್ಲೂ ಆಗಬೇಕು, ಎರಡಕ್ಕೂ ಬೇರೆ ಬೇರೆ ಕೆಲಸ. ಶುದ್ಧತೆಗೆ ನ್ಯಾನೋಡ್ರಾಪ್: 260/280 ಅನುಪಾತ 1.8ರಿಂದ 2.0, 260/230 ಅನುಪಾತ 2.0ರ ಆಸುಪಾಸು ಇರಬೇಕು. ಪ್ರಮಾಣಕ್ಕೆ ಕ್ಯೂಬಿಟ್ ಮಾತ್ರ. ಆರ್‌ಎನ್‌ಎ ಉಳಿದಿದ್ದರೆ ನ್ಯಾನೋಡ್ರಾಪ್ ಅದನ್ನೂ ಡಿಎನ್‌ಎ ಎಂದೇ ಎಣಿಸುತ್ತದೆ. ಆ ಅಂಕಿ ನಂಬಿ ಡೈಲ್ಯೂಟ್ ಮಾಡಿದರೆ ನಿಜವಾಗಿ ಹೋಗುವ ಡಿಎನ್‌ಎ ಕಾಲುಭಾಗವೂ ಇರದಿರಬಹುದು.

ಲೈಬ್ರರಿ, ಲೋಡಿಂಗ್

ಲೈಬ್ರರಿ ಎಂದರೆ ತುದಿಗೆ ಅಡಾಪ್ಟರ್ ಅಂಟಿಸಿ ಓದಲು ಸಿದ್ಧ ಮಾಡಿದ ಡಿಎನ್‌ಎ ತುಂಡುಗಳು. ಅದನ್ನು ಮಾಡುವ ನೆಕ್ಸ್‌ಟೆರಾ ಎಕ್ಸ್‌ಟಿ ಕಿಟ್ಟಿಗೆ ಬೇಕಾದ್ದು ಒಟ್ಟು 1 ನ್ಯಾನೋಗ್ರಾಂ ಡಿಎನ್‌ಎ, ಅಂದರೆ ಮೈಕ್ರೋಲೀಟರಿಗೆ 0.2ರಂತೆ 5 ಮೈಕ್ರೋಲೀಟರ್. ಈ ಕಿಟ್ಟು ಅಳತೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಡಿಎನ್‌ಎ ಹೆಚ್ಚಾದರೆ ಕಿಣ್ವಕ್ಕೆ ಪೂರ್ತಿ ಕತ್ತರಿಸಲಾಗದೆ ತುಂಡುಗಳು ಉದ್ದ ಉಳಿಯುತ್ತವೆ, ಡಿಎನ್‌ಎ ಓದುವ ಗಾಜಿನ ಫಲಕವಾದ ಫ್ಲೋಸೆಲ್ ಮೇಲೆ ಸರಿಯಾಗಿ ಕೂರುವುದಿಲ್ಲ. ಕಡಿಮೆಯಾದರೆ ಪುಡಿಪುಡಿಯಾಗಿ, ಯಂತ್ರ ತುಂಡು ದಾಟಿ ಅಡಾಪ್ಟರನ್ನೇ ಓದುತ್ತದೆ. 55 ಡಿಗ್ರಿಯಲ್ಲಿ 5 ನಿಮಿಷ ಮುಗಿದು 10 ಡಿಗ್ರಿಗೆ ಇಳಿದ ಕೂಡಲೇ ನಿಲ್ಲಿಸುವ ಬಫರ್ ಹಾಕಬೇಕು. ಪ್ಲೇಟನ್ನು ಹಾಗೇ ಬಿಟ್ಟು ಚಹಾಕ್ಕೆ ಹೋಗುವ ಹಂತ ಇದಲ್ಲ. ಡಿಎನ್‌ಎ ಹಿಡಿದುಕೊಳ್ಳುವ ಕಾಂತೀಯ ಬೀಡ್ ತೊಳೆಯುವ ಶೇಕಡಾ 80 ಎಥನಾಲ್ ಅಂದಂದೇ ಮಾಡಿದ್ದಿರಲಿ. ಬೀಡ್ ಒಣಗಿ ಬಿರುಕು ಬಿಟ್ಟರೆ ಡಿಎನ್‌ಎ ಬಿಟ್ಟುಕೊಡುವುದಿಲ್ಲ.

ಲೈಬ್ರರಿಯ ಸಾಂದ್ರತೆ ಲೆಕ್ಕ ಹೀಗೆ: ಕ್ಯೂಬಿಟ್ ಅಂಕಿಯನ್ನು ಹತ್ತು ಲಕ್ಷದಿಂದ ಗುಣಿಸಿ, 660 ಮತ್ತು ತುಂಡಿನ ಸರಾಸರಿ ಉದ್ದದ ಗುಣಲಬ್ಧದಿಂದ ಭಾಗಿಸಬೇಕು. ಮೈಕ್ರೋಲೀಟರಿಗೆ 2 ನ್ಯಾನೋಗ್ರಾಂ, ಸರಾಸರಿ ಉದ್ದ 600 ಇದ್ದರೆ ಸುಮಾರು 5 ನ್ಯಾನೋಮೋಲಾರ್. ಉದ್ದವನ್ನು ಟೇಪ್‌ಸ್ಟೇಷನ್‌ನಲ್ಲಿ ಅಳೆಯದೆ ಅಂದಾಜಿಗೆ ಬರೆದರೆ ಕೆಲವು ಸ್ಯಾಂಪಲ್‌ಗಳು ಫ್ಲೋಸೆಲ್‌ನ ಬಹುಪಾಲು ತಿಂದು ಉಳಿದವಕ್ಕೆ ಏನೂ ಸಿಗದಂತಾಗುತ್ತದೆ. 4 ನ್ಯಾನೋಮೋಲಾರ್‌ಗೆ ತಂದು, 0.2 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 5 ನಿಮಿಷ ಎಳೆ ಬಿಡಿಸಬೇಕು. ಈ ದ್ರಾವಣವೂ ಅದೇ ದಿನ ಮಾಡಿದ್ದೇ ಆಗಬೇಕು. ಹಳೆಯದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ದುರ್ಬಲವಾಗಿರುತ್ತದೆ, ಎಳೆಗಳು ಬಿಡುವುದಿಲ್ಲ, ರನ್ ಖಾಲಿ ಬರುತ್ತದೆ.

ಇಲ್ಯೂಮಿನಾ ಕಂಪನಿಯ ಮೈಸೀಕ್ ಸೀಕ್ವೆನ್ಸರ್‌ನ ವಿ2 500 ಸೈಕಲ್ ಕಿಟ್ಟು 7.5ರಿಂದ 8.5 ಗಿಗಾಬೇಸ್ (ಒಂದು ಗಿಗಾಬೇಸ್ ಎಂದರೆ ನೂರು ಕೋಟಿ ಅಕ್ಷರ) ಕೊಡುತ್ತದೆ. 24 ಕ್ಲೆಬ್ಸಿಯೆಲ್ಲಾಗಳಿಗೆ, ಪ್ರತಿ ಅಕ್ಷರವನ್ನೂ ಸರಾಸರಿ 50 ಸಲ ಓದಬೇಕೆಂದರೆ 6.6 ಗಿಗಾಬೇಸ್ ಬೇಕು. ಹೆಚ್ಚುಕಮ್ಮಿಗೆ ಸ್ವಲ್ಪ ಜಾಗ ಉಳಿಯುತ್ತದೆ. 24ರಲ್ಲಿ ಒಂದು ಖಾಲಿ ಕಂಟ್ರೋಲ್, ಒಂದು ಸೀಕ್ವೆನ್ಸ್ ಗೊತ್ತಿರುವ ತಳಿ ಇರಲೇಬೇಕು. ಹಿಂದಿನ ರನ್‌ನಲ್ಲಿ ಬಳಸಿದ ಇಂಡೆಕ್ಸ್ ಜೋಡಿಗಳನ್ನು (ಯಾವ ತುಂಡು ಯಾವ ಸ್ಯಾಂಪಲ್‌ನದು ಎಂದು ತಿಳಿಸುವ ಗುರುತುಗಳು) ತಕ್ಷಣದ ಮುಂದಿನ ರನ್‌ನಲ್ಲಿ ಬಳಸಬೇಡಿ. ಯಂತ್ರದ ಕೊಳವೆಯಲ್ಲಿ ಹಳೆಯ ಲೈಬ್ರರಿ ಚೂರು ಉಳಿದಿರುತ್ತದೆ, ಇಂಡೆಕ್ಸ್ ಬೇರೆಯಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ರೀಡ್ ಬಂದ ಮೇಲೆ

ಐಸೊಲೇಟ್‌ಗಳ ನಂಟು ತೋರಿಸುವ ಮರ ಕಟ್ಟುವ ಆತುರ ಬೇಡ. ಕ್ರೇಕನ್2 ಎಂಬ ಸಾಫ್ಟ್‌ವೇರ್ ಓಡಿಸಿ ಬೇರೆ ಜಾತಿಯ ರೀಡ್‌ಗಳು (ಯಂತ್ರ ಓದಿದ ಡಿಎನ್‌ಎ ತುಂಡುಗಳು) ಎಷ್ಟಿವೆ ನೋಡಿ. ಜೋಡಿಸಿದ ಜೀನೋಮ್ ಹೆಚ್ಚುಕಡಿಮೆ 50ರಿಂದ 62 ಲಕ್ಷ ಅಕ್ಷರದೊಳಗೆ, ಜಿಸಿ ಪ್ರಮಾಣ (ಜಿ ಮತ್ತು ಸಿ ಅಕ್ಷರಗಳ ಪಾಲು) ಶೇಕಡಾ 57ರ ಆಸುಪಾಸು ಇರಬೇಕು. 95 ಲಕ್ಷ ಬಂದರೆ ಎರಡು ಜಾತಿ ಬೆರೆತಿವೆ ಎಂದೇ ಅರ್ಥ. ಕಷ್ಟವಾಗುವುದು ಒಂದೇ ಜಾತಿಯ ಎರಡು ತಳಿ ಬೆರೆತಾಗ. ಕ್ರೇಕನ್‌ಗೆ ಎರಡೂ ಕ್ಲೆಬ್ಸಿಯೆಲ್ಲಾವೇ, ಅದು ಏನೂ ಹೇಳುವುದಿಲ್ಲ. ಒಂದೇ ಜಾಗದಲ್ಲಿ ರೀಡ್‌ಗಳು 70-30 ಎಂದು ಒಡೆದಿರುವ ಸ್ಥಾನಗಳನ್ನು ಎಣಿಸಿ. ಬ್ಯಾಕ್ಟೀರಿಯಾಕ್ಕೆ ಇರುವುದು ಒಂದೇ ಪ್ರತಿ, ಹೀಗೆ ಒಡೆದ ಸ್ಥಾನಗಳು ಸಾವಿರಗಟ್ಟಲೆ ಇದ್ದರೆ ಆ ಸ್ಯಾಂಪಲ್ಲನ್ನು ಹೊರಗಿಡಿ, ಪ್ಲೇಟಿಗೆ ವಾಪಸ್ ಹೋಗಿ.

ನಂತರ ಕ್ಲೆಬೊರೇಟ್ ಎಂಬ ಸಾಫ್ಟ್‌ವೇರ್. ಎಸ್‌ಟಿ, ಕ್ಯಾಪ್ಸೂಲ್ ಬಗೆ, ಪ್ರತಿರೋಧದ ಜೀನ್‌ಗಳು ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ವಾರ್ಡಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗಬಹುದು: ಐದರಲ್ಲಿ ಎರಡು ಎಸ್‌ಟಿ231, ಮೂರು ಎಸ್‌ಟಿ147 ಎಂದಾದರೆ ಈ ಎರಡು ಗುಂಪುಗಳ ನಡುವೆ ತಳಿ ದಾಟಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಜೀನ್‌ಗಳ ಪಟ್ಟಿ ಮಾತ್ರ ನೋಡುವ ಸಾಧನಗಳನ್ನು ಕಾಲಿಸ್ಟಿನ್ ಎಂಬ ಆಂಟಿಬಯೋಟಿಕ್ ವಿಷಯದಲ್ಲಿ ನಂಬಬೇಡಿ. ಅಲ್ಲಿ ಪ್ರತಿರೋಧ ಬರುವುದು ಹೊಸ ಜೀನ್ ಸೇರಿ ಮಾತ್ರವಲ್ಲ, ಇರುವ ಎಂಜಿಆರ್‌ಬಿ ಜೀನ್ ಮುರಿದೂ ಬರುತ್ತದೆ. ಇಲ್ಲದಿರುವುದನ್ನು ಹುಡುಕುವ ಸಾಧನವೇ ಬೇಕು.

ಒಂದೇ ಎಸ್‌ಟಿಯವನ್ನು ಮಾತ್ರ ಒಟ್ಟುಗೂಡಿಸಿ ಸ್ನಿಪ್ ಎಣಿಸಬೇಕು, ಅಂದರೆ ಒಂದೊಂದೇ ಅಕ್ಷರದ ವ್ಯತ್ಯಾಸ. ಹೋಲಿಕೆಗೆ ಬಳಸುವ ರೆಫರೆನ್ಸ್ ಜೀನೋಮ್ ಕೂಡ ಅದೇ ಎಸ್‌ಟಿಯದ್ದೇ ಇರಲಿ. ಬೇರೆ ತಳಿಯಿಂದ ಒಂದು ಉದ್ದನೆಯ ತುಂಡು ಎರವಲು ಬಂದು ಸೇರಿದ್ದರೆ, ಒಂದೇ ಘಟನೆಯಲ್ಲಿ ನೂರಾರು ಸ್ನಿಪ್ ಕಾಣಿಸಿಕೊಳ್ಳುತ್ತವೆ. ಕ್ಯಾಪ್ಸೂಲ್ ಜೀನ್‌ಗಳ ಜಾಗದಲ್ಲಿ ಇದು ಹೆಚ್ಚು. ಗಬ್ಬಿನ್ಸ್ ಎಂಬ ಸಾಫ್ಟ್‌ವೇರ್ ಅಂಥ ತುಂಡುಗಳನ್ನು ಗುರುತಿಸಿ ತೆಗೆಯುತ್ತದೆ, ಆದರೆ ಹತ್ತಿರದ ತಳಿಗಳ ನಡುವೆ ಮಾತ್ರ ಅದನ್ನು ಬಳಸಬೇಕು.

ಇನ್ನೊಂದು ಎಡವಟ್ಟು ಕಣ್ಣಿಗೇ ಬೀಳದಂತೆ ಆಗುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೋರ್ ಜೀನೋಮ್ ಎಂದರೆ ಎಲ್ಲ ಸ್ಯಾಂಪಲ್‌ಗಳಲ್ಲೂ ಓದಲಾದ ಸ್ಥಾನಗಳು. ಒಂದೇ ಒಂದು ಸ್ಯಾಂಪಲ್‌ನಲ್ಲಿ ಓದಿಲ್ಲದಿದ್ದರೂ ಆ ಸ್ಥಾನ ಎಲ್ಲರ ಲೆಕ್ಕದಿಂದಲೂ ಹೊರಗೆ ಹೋಗುತ್ತದೆ. 20 ಸ್ಯಾಂಪಲ್‌ಗಳಲ್ಲಿ 19 ಚೆನ್ನಾಗಿದ್ದು, ಒಂದು ರೆಫರೆನ್ಸಿನ ಶೇಕಡಾ 60ನ್ನು ಮಾತ್ರ ಮುಚ್ಚಿದ್ದರೆ, ಕೋರ್ ಶೇಕಡಾ 60ಕ್ಕಿಂತ ಕೆಳಗಿಳಿಯುತ್ತದೆ. ನಿಜವಾಗಿ 40 ಸ್ನಿಪ್ ದೂರವಿರುವ ಜೋಡಿ 24 ಸ್ನಿಪ್ ದೂರದಂತೆ ಕಾಣುತ್ತದೆ. ಮರ ಚೆಂದವಾಗಿಯೇ ಬರುತ್ತದೆ, ಎಲ್ಲಿಯೂ ಎಚ್ಚರಿಕೆ ಮೂಡುವುದಿಲ್ಲ, ಸಂಬಂಧವಿಲ್ಲದ ಮಕ್ಕಳ ನಡುವೆ ಸೋಂಕು ದಾಟಿದೆ ಎಂದು ವರದಿ ಹೋಗುತ್ತದೆ. ಸ್ನಿಪ್ ಕೋಷ್ಟಕದ ಪಕ್ಕದಲ್ಲಿ ಕೋರ್‌ನ ಉದ್ದ ಬರೆಯದ ವರದಿಯನ್ನು ನಾನು ಒಪ್ಪುವುದಿಲ್ಲ.

ಎಷ್ಟು ಸ್ನಿಪ್ ಇದ್ದರೆ ಒಂದೇ ಮೂಲ? ಯುರೋಪಿನ ಆಸ್ಪತ್ರೆಗಳ ಕ್ಲೆಬ್ಸಿಯೆಲ್ಲಾ ಅಧ್ಯಯನವೊಂದರಲ್ಲಿ, ಒಂದೇ ಆಸ್ಪತ್ರೆಯ ಜೋಡಿಗಳನ್ನು ಬೇರೆ ಆಸ್ಪತ್ರೆಗಳ ಜೋಡಿಗಳಿಂದ ಚೆನ್ನಾಗಿ ಬೇರ್ಪಡಿಸಿದ ಗಡಿ 21. ಕ್ಷಯಕ್ಕೆ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಅಧ್ಯಯನದಿಂದ ಬಂದ ಗಡಿಗಳು 5 ಮತ್ತು 12: ಐದರೊಳಗೆ ಇತ್ತೀಚೆಗೆ ದಾಟಿದ್ದು, ಹನ್ನೆರಡರ ಮೇಲೆ ದಾಟಿರಲಾರದು. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಎರಡು ವರ್ಷಕ್ಕೆ ಒಂದು ಸ್ನಿಪ್ ಬದಲಾಗುತ್ತದೆ, ಕೊರೊನಾ ವೈರಸ್ಸಿನಲ್ಲಿ ತಿಂಗಳಿಗೆ ಎರಡು. ಹಾಗಾಗಿ ಒಂದರ ಗಡಿ ಇನ್ನೊಂದಕ್ಕೆ ಸಲ್ಲುವುದಿಲ್ಲ. ಒಂದೇ ಜಾತಿಯಲ್ಲೂ 21 ಎಂಬುದು ಮೈಲಿಗಲ್ಲಲ್ಲ. ಫಿಲ್ಟರ್‌ಗಳು ಬದಲಾದರೆ ಅದೇ ಜೋಡಿಯ ಅಂಕಿ ಬದಲಾಗುತ್ತದೆ. ಅದೇ ಊರಿನ, ಆ ವಾರ್ಡಿಗೆ ಸಂಬಂಧವೇ ಇಲ್ಲದ ಅದೇ ಎಸ್‌ಟಿಯ ಹತ್ತಾರು ಐಸೊಲೇಟ್‌ಗಳನ್ನು ಮರದೊಳಗೆ ಸೇರಿಸಿ. ಐದು ಮಕ್ಕಳದ್ದು 3-4 ಸ್ನಿಪ್ ಒಳಗೆ ಗುಂಪಾಗಿ ಕೂತು, ಊರಿನ ಉಳಿದವು 60-70 ಸ್ನಿಪ್ ಆಚೆ ನಿಂತರೆ ಮಾತಿಗೆ ತೂಕ ಬರುತ್ತದೆ. ಊರಿನಲ್ಲಿ ಸಿಗುವುದೆಲ್ಲ 10 ಸ್ನಿಪ್ ಒಳಗೇ ಇದ್ದರೆ ಬರೀ ಜೀನೋಮ್ ನೋಡಿ ಏನೂ ಹೇಳಲಾಗದು.

ಪ್ಲಾಸ್ಮಿಡ್ ಮಾತ್ರ ದಾಟಿದಾಗ

ವಾರ್ಡಿನಲ್ಲಿ ಹರಡುತ್ತಿರುವುದು ಬ್ಯಾಕ್ಟೀರಿಯಾ ಅಲ್ಲ, ಎನ್‌ಡಿಎಂ ಹೊತ್ತ ಪ್ಲಾಸ್ಮಿಡ್ ಆಗಿದ್ದರೆ? ಸಿಂಕಿನ ಕೊಳವೆಯಲ್ಲಿ ಅದು ಕ್ಲೆಬ್ಸಿಯೆಲ್ಲಾದಿಂದ ಇ. ಕೋಲೈಗೆ ಹಾರಿರುತ್ತದೆ. ಸ್ನಿಪ್ ಮರ ಇದಕ್ಕೆ ಕುರುಡು. ಇಲ್ಯೂಮಿನಾದ 250 ಅಕ್ಷರದ ರೀಡ್‌ಗಳಿಂದ ಪ್ಲಾಸ್ಮಿಡ್ ಪೂರ್ತಿ ಜೋಡಿಸಲೂ ಆಗದು, ಏಕೆಂದರೆ ಎನ್‌ಡಿಎಂ ಸುತ್ತ ಮತ್ತೆ ಮತ್ತೆ ಬರುವ ಇನ್ಸರ್ಷನ್ ಸೀಕ್ವೆನ್ಸ್‌ಗಳಲ್ಲಿ ಜೋಡಣೆ ತುಂಡಾಗುತ್ತದೆ. ಇಲ್ಲಿ ನ್ಯಾನೋಪೋರ್‌ನ ಉದ್ದದ ರೀಡ್ ಬೇಕು. ಆಕ್ಸಾ-232ರದ್ದು ಮಾತ್ರ ಇದಕ್ಕೆ ವಿರುದ್ಧ ಸಮಸ್ಯೆ: ಅದು ಕೂತಿರುವ ಪ್ಲಾಸ್ಮಿಡ್ ಬರೀ 6 ಸಾವಿರ ಅಕ್ಷರದ ಪುಟ್ಟ ಉಂಗುರ, ಲೈಗೇಷನ್ ಕಿಟ್ಟಿನಲ್ಲಿ ಮತ್ತು ಉದ್ದದ ತುಂಡು ಆರಿಸುವ ಹಂತದಲ್ಲಿ ಅದೇ ಕಳೆದುಹೋಗುತ್ತದೆ. ಉಂಗುರವನ್ನು ಕತ್ತರಿಸಿ ಓದುವ ರ‍್ಯಾಪಿಡ್ ಕಿಟ್ಟು ವಾಸಿ. ಎರಡೂ ಬಗೆಯ ರೀಡ್ ಸೇರಿಸಿ ಯೂನಿಸೈಕ್ಲರ್‌ನಲ್ಲಿ ಜೋಡಿಸಿದರೆ ಇನ್ನೂ ಒಳ್ಳೆಯದು.

ನಾಲ್ಕೈದು ಸ್ಯಾಂಪಲ್‌ಗಳ ತುರ್ತು ಕೆಲಸಕ್ಕೂ ನ್ಯಾನೋಪೋರ್ ಅನುಕೂಲ, 24 ಸೇರುವವರೆಗೆ ಕಾಯಬೇಕಿಲ್ಲ. ಆದರೆ ಡಿಎನ್‌ಎಗೆ ಮೀಥೈಲ್ ಅಂಟಿದ ಜಾಗಗಳಲ್ಲಿ ಕೆಲವು ತಳಿಗಳಲ್ಲಿ ಅದು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತದೆ, ಎ ಇರುವಲ್ಲಿ ಜಿ ಎಂದು ಓದುವಂತೆ. ಎಷ್ಟು ಸಲ ಓದಿದರೂ ಇದು ಸರಿಹೋಗುವುದಿಲ್ಲ. ಇಲ್ಯೂಮಿನಾ ಸ್ಯಾಂಪಲ್‌ಗಳ ಜೊತೆ ನ್ಯಾನೋಪೋರ್ ಸ್ಯಾಂಪಲ್ ಹಾಕಿದಾಗ ನ್ಯಾನೋಪೋರ್‌ನವೆಲ್ಲ ಒಂದು ಕೊಂಬೆಗೆ ಸೇರಿಕೊಂಡರೆ ಮೊದಲು ಇದನ್ನೇ ಅನುಮಾನಿಸಿ.

ವಾರ್ಡಿಗೆ ಏನು ಕೊಡಬೇಕು

ಎರಡು ಸಲ ಎಳೆದು ಶುದ್ಧ ಮಾಡಲು ಎರಡು ದಿನ, ಬ್ರಾತ್‌ಗೆ ಒಂದು ರಾತ್ರಿ, ಡಿಎನ್‌ಎ ಮತ್ತು ಲೈಬ್ರರಿಗೆ ಒಂದೂವರೆಯಿಂದ ಎರಡು ದಿನ, ಮೈಸೀಕ್ ರನ್‌ಗೆ ಸುಮಾರು 39 ಗಂಟೆ, ವಿಶ್ಲೇಷಣೆಗೆ ಒಂದು ದಿನ. ಎಲ್ಲ ಸರಿಹೋದರೆ ವಾರ ದಾಟುತ್ತದೆ. ಅಷ್ಟು ದಿನ ವಾರ್ಡಿನವರು ಕಾಯುವಂತಿಲ್ಲ, ಕೈತೊಳೆಯುವುದು, ಪ್ರತ್ಯೇಕಿಸುವುದು ಮೊದಲ ದಿನವೇ ಶುರುವಾಗಬೇಕು. ಎಸ್‌ಟಿ ತಿಳಿದ ಕೂಡಲೇ ಸೋಂಕು ನಿಯಂತ್ರಣದ ನರ್ಸ್‌ಗೆ ಫೋನ್ ಮಾಡಿ ಹೇಳಿ, ಮರ ಮುಗಿಯುವವರೆಗೆ ಇಟ್ಟುಕೊಳ್ಳಬೇಡಿ. ಅವರ ಹತ್ತಿರ ಯಾವ ಮಗು ಯಾವ ದಿನ ಯಾವ ವಾರ್ಮರ್‌ನಲ್ಲಿತ್ತು ಎಂಬ ರಿಜಿಸ್ಟರ್ ಇರುತ್ತದೆ. ಜೀನೋಮ್ ಒಂದೇ ಎಂದು ಹೇಳುವ ಎರಡು ಮಕ್ಕಳು ಒಂದೇ ದಿನವೂ ಒಟ್ಟಿಗೆ ಇರಲಿಲ್ಲವೆಂದಾದರೆ, ನಡುವೆ ಸ್ವಾಬ್ ತೆಗೆಯದ ಮೂರನೆಯ ಮಗುವೋ ಒಂದು ಸಿಂಕೋ ಇರಬೇಕು. ಆ ಹುಡುಕಾಟ ರಿಜಿಸ್ಟರ್‌ನಿಂದಲೇ ಶುರುವಾಗುತ್ತದೆ.

ಬರೆದು ಕೊಡುವ ವರದಿ ಅರ್ಧ ಪುಟ ಮೀರಬಾರದು. ಯಾವ ಮಕ್ಕಳ ಐಸೊಲೇಟ್‌ಗಳು ಒಂದೇ ಮೂಲದವು, ಯಾವುವು ಅಲ್ಲ, ಯಾವುದನ್ನು ಹೇಳಲಾಗದು ಮತ್ತು ಏಕೆ, ಮುಂದೆ ಯಾವ ಜಾಗದಿಂದ ಸ್ವಾಬ್ ಬೇಕು. ಯಾರು ಯಾರಿಗೆ ದಾಟಿಸಿದರು ಎಂದು ಬಾಣದ ಗುರುತು ಹಾಕಬೇಡಿ. ಐದು ಐಸೊಲೇಟ್‌ನ ಮರದಿಂದ ದಿಕ್ಕು ಹೇಳುವಷ್ಟು ಆಧಾರ ಸಾಮಾನ್ಯವಾಗಿ ಇರುವುದಿಲ್ಲ. ಆ ಬಾಣದ ತುದಿಯಲ್ಲಿ ಒಬ್ಬ ನರ್ಸಿನ ಕೆಲಸವೋ ಒಬ್ಬ ತಾಯಿಯ ನೆಮ್ಮದಿಯೋ ಇರುತ್ತದೆ.

ಸೀಕ್ವೆನ್ಸನ್ನು ಎಲ್ಲರಿಗೂ ತೆರೆದ ದತ್ತಾಂಶ ಸಂಗ್ರಹಗಳಾದ ಇಎನ್‌ಎಗೋ ಎನ್‌ಸಿಬಿಐಗೋ ಹಾಕುವಾಗ ಸ್ಯಾಂಪಲ್ ತೆಗೆದ ದಿನಾಂಕ, ರಾಜ್ಯ, ರಕ್ತವೋ ಸ್ವಾಬೋ ಎಂಬುದು, ಲ್ಯಾಬ್ ಕೋಡ್ ಇಷ್ಟನ್ನು ಹಾಕಿ. ಆಸ್ಪತ್ರೆ ಸಂಖ್ಯೆ, ಹುಟ್ಟಿದ ದಿನಾಂಕ ಬೇಡ. ದಿನಾಂಕದ ಜಾಗದಲ್ಲಿ ಸೀಕ್ವೆನ್ಸ್ ಮಾಡಿದ ದಿನ ಬರೆದುಬಿಡುವುದು ಬಹಳ ಕಡೆ ಆಗುತ್ತಿರುವ ತಪ್ಪು. ಫ್ರೀಜರ್‌ನಲ್ಲಿ ಮೂರು ವರ್ಷ ಕೂತಿದ್ದ ಐಸೊಲೇಟ್ ಹೊಸದೆಂಬಂತೆ ದಾಖಲಾದರೆ, ಆ ತಳಿ ಎಷ್ಟು ಬೇಗ ಬದಲಾಗುತ್ತದೆ ಎಂದು ಮುಂದೆ ಲೆಕ್ಕ ಹಾಕುವವರೆಲ್ಲರ ಅಂಕಿಯೂ ಕೆಡುತ್ತದೆ.